ಕೇಳದೆ ತಂದ ಒಪ್ಪಿಗೆ

ಪಾರ್ವತಮ್ಮನ ಮನೆಯಲ್ಲಿ ಒಪ್ಪಿದ್ದಾರೆ ಎಂದು ಆರು ವರ್ಷದ ಹಿಂದೆ ತುಂಬಿದ ಸಭೆಯಲ್ಲಿ ನಾನು ಹೇಳಿದ್ದು ಸುಳ್ಳು. ಅವರು ಒಪ್ಪಿರಲಿಲ್ಲ. ಒಪ್ಪುವುದಿಲ್ಲ ಎಂದೂ ಹೇಳಿರಲಿಲ್ಲ — ಯಾಕೆಂದರೆ ನಾನು ಅವರನ್ನು ಕೇಳಲೇ ಇಲ್ಲ.

ಇಷ್ಟನ್ನು ಬರೆಯಲು ಆರು ವರ್ಷ ಹಿಡಿಯಿತು. ಬರೆದ ಮೇಲೆ ನೋಡಿದರೆ ನಾಲ್ಕು ಸಾಲೂ ಇಲ್ಲ. ಆದರೆ ಅಷ್ಟರಿಂದಲೇ ಒಂದು ಬಾವಿ ಕೆಟ್ಟಿತು, ಒಂದು ತೋಟ ಕೆಟ್ಟಿತು, ಗಂಡ ಹೆಂಡತಿಯ ನಡುವೆ — ಅದನ್ನು ಆಮೇಲೆ ಹೇಳುತ್ತೇನೆ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳುವ ಧೈರ್ಯ ಈಗಲೂ ನನಗಿಲ್ಲ.

ನನ್ನ ಹೆಸರು ರಂಗಣ್ಣ. ಮಾಯಸಂದ್ರಕ್ಕೂ ತುರುವೇಕೆರೆಗೂ ನಡುವಿನ ಒಂದು ಊರಿನಲ್ಲಿ ನೀರುಗಂಟಿ. ಈಗಿನವರು ವಾಟರ್‌ಮ್ಯಾನ್ ಅನ್ನುತ್ತಾರೆ. ಬೆಳಿಗ್ಗೆ ಎದ್ದು ಟ್ಯಾಂಕಿನ ವಾಲ್ವ್ ತಿರುಗಿಸಿ, ಕೇರಿಗೊಂದು ಹೊತ್ತು ಅಂತ ನೀರು ಬಿಡುವುದು ನನ್ನ ಕೆಲಸ. ನೀರು ಬಿಡುವವನಿಗೆ ಊರಿನ ಒಳಗೂ ಹೊರಗೂ ಗೊತ್ತಿರುತ್ತದೆ. ಯಾರ ಮನೆಗೆ ನೆಂಟರು ಬಂದಿದ್ದಾರೆ, ಯಾರ ಮನೆಯಲ್ಲಿ ಮಾತು ನಿಂತುಹೋಗಿದೆ ಎಲ್ಲವೂ ಬಿಂದಿಗೆ ಹಿಡಿದು ನಿಂತವರ ಮುಖದಲ್ಲಿ ಕಾಣುತ್ತದೆ. ರಂಗಣ್ಣ ಯಾರ ಕಡೆಯವನೂ ಅಲ್ಲ, ಯಾರಿಗೂ ಒಂದು ಬಿಂದಿಗೆ ಹೆಚ್ಚು ಬಿಡುವವನಲ್ಲ ಎಂದು ನನಗೊಂದು ಹೆಸರಿತ್ತು. ಕೆಟ್ಟದ್ದನ್ನು ಮಾಡಲು ನನಗೆ ಬೇಕಾದದ್ದೂ ಆ ಹೆಸರೇ.

ನಮ್ಮ ಕಡೆ ಎಲ್ಲರದ್ದೂ ಕೊಬ್ಬರಿ. ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿ, ಸುಲಿದು, ಚಿಪ್ಪು ಒಡೆದು ಉಂಡೆ ಕೊಬ್ಬರಿ ತೆಗೆಯುತ್ತೇವೆ. ಉಳಿದ ಚಿಪ್ಪನ್ನು ಕೊಂಡು ಇದ್ದಿಲು ಮಾಡುವ ಭಟ್ಟಿಯೊಂದನ್ನು ಬಸವರಾಜು ಎಂಬುವರು ಊರ ಪಡುವಲ ದಿಣ್ಣೆಯ ಮೇಲೆ ಹಾಕಿದರು. ಅವರು ನಮ್ಮೂರಿನವರೇ, ಕೆಟ್ಟ ಮನುಷ್ಯರಲ್ಲ. ಕೇರಿಯ ಎಷ್ಟೋ ಹೆಂಗಸರಿಗೆ ಅಲ್ಲಿ ಕೆಲಸ ಸಿಕ್ಕಿತು. ಆದರೆ ಚಿಪ್ಪು ಸುಡುವ ಗುಂಡಿಗಳಿಗೆ ಬೆಂಕಿ ಕೊಟ್ಟ ದಿನ ಗಾಳಿಯೆಲ್ಲ ಊರ ಕಡೆಗೇ. ಒಗೆದು ಹರವಿದ ಬಟ್ಟೆಯ ಮೇಲೆ ಕಪ್ಪು ಪುಡಿ. ಶಾಲೆಯ ಮಕ್ಕಳು ಕಿಟಕಿ ಹಾಕಿಕೊಂಡು ಕೂರುವಂತಾಯಿತು. ಊರು ಎರಡಾಯಿತು. ಭಟ್ಟಿ ಮುಚ್ಚಬೇಕು ಅನ್ನುವವರು ಒಂದು ಕಡೆ, ಅಲ್ಲಿ ದುಡಿಯುವವರು ಇನ್ನೊಂದು ಕಡೆ. ಒಂದು ದಿನ ಚಿಪ್ಪು ತುಂಬಿದ ಟ್ರ್ಯಾಕ್ಟರನ್ನು ಅಡ್ಡಗಟ್ಟಿ ಗಾಜು ಒಡೆದರು. ಮಾರನೆಯ ದಿನ ಗಾಜು ಒಡೆದವನ ತೋಟದಲ್ಲಿ ಎರಡು ಫಲದ ಮರ ಕಡಿದು ಬಿದ್ದಿದ್ದವು. ಯಾರು ಕಡಿದರೋ ಇವತ್ತಿಗೂ ಗೊತ್ತಿಲ್ಲ. ಅಲ್ಲಿಂದ ಜನ ತೋಟಕ್ಕೆ ಹೋಗುವಾಗ ಮಚ್ಚನ್ನು ಕೈಯಲ್ಲಿ ಹಿಡಿದೇ ಹೋಗತೊಡಗಿದರು. ಕೆಲಸ ಇಲ್ಲದ ದಿನವೂ.

ಆಗ ತಾಲ್ಲೂಕಿನಿಂದ ಒಬ್ಬ ಅಧಿಕಾರಿ ಬಂದರು. ಹೆಣ್ಣುಮಗಳು, ಮಾತು ಕಡಿಮೆ. ಪೊಲೀಸರನ್ನು ಕರೆದುಕೊಂಡು ಬರಲಿಲ್ಲ. ಎರಡೂ ಕಡೆಯವರನ್ನು ಶಾಲೆಯ ಅಂಗಳದಲ್ಲಿ ಕೂರಿಸಿ ಇಡೀ ದಿನ ಕೇಳಿಸಿಕೊಂಡರು. ಎರಡನೆಯ ಸಭೆಯ ಹೊತ್ತಿಗೆ ಒಂದು ದಾರಿ ಕಂಡಿತು. ಭಟ್ಟಿ ಮುಚ್ಚುವುದು ಬೇಡ. ಮೂಡಲ ಕಡೆ ಹಳ್ಳದ ಪಕ್ಕದ ಹಳೆಯ ಇಟ್ಟಿಗೆ ಗೂಡಿನ ಜಾಗಕ್ಕೆ ಹೋಗಲಿ. ಗುಂಡಿಗಳಿಗೆ ಸಿಮೆಂಟು ಹಾಕಿಸಬೇಕು, ಇದ್ದಿಲು ಆರಿಸಿದ ನೀರು ಹಳ್ಳಕ್ಕೆ ಹೋಗಕೂಡದು. ಎಲ್ಲರೂ ಹೂಂ ಅಂದರು. ಕೈ ಎತ್ತಿಸಿ ಮುಗಿಸಿಬಿಡೋಣ ಎಂದು ಪಂಚಾಯ್ತಿಯವರು ಅವಸರ ಮಾಡಿದಾಗ ಆ ಮೇಡಂ ತಡೆದರು. ಹೊಸ ಜಾಗದ ಹೊಗೆ ಯಾರ ಮನೆಗೆ ಹೋಗುತ್ತದೋ, ನೀರು ಯಾರ ಬಾವಿಗೆ ಇಳಿಯುತ್ತದೋ ಅವರ ಮಾತು ಬೇಕು, ಕೈ ಎತ್ತಿದವರ ಲೆಕ್ಕ ಬೇಡ ಅಂದರು. ಹಳ್ಳದ ಕಡೆಯ ಮನೆಗಳ ಪಟ್ಟಿ ಮಾಡಿಸಿದರು. ಮನೆಮನೆಗೆ ಹೋಗಿ ವಿಷಯ ತಿಳಿಸಿ ಕೇಳಿ ಬರುವವರು ಯಾರು ಅಂದಾಗ ಎರಡೂ ಕಡೆಯವರು ಒಟ್ಟಿಗೆ ಹೇಳಿದ ಹೆಸರು ನನ್ನದು.

ಪಟ್ಟಿಯ ಕೊನೆಯ ಮನೆ ಪಾರ್ವತಮ್ಮನದು. ಊರು ಬಿಟ್ಟು ದೂರ, ಹಳ್ಳದ ಏರಿಯ ಮೇಲಿನ ತೋಟದ ಮನೆ. ಪಾರ್ವತಮ್ಮ, ಅವಳ ಗಂಡ ಸಿದ್ದಣ್ಣ, ಆಗಿನ್ನೂ ಮದುವೆಯಾಗದಿದ್ದ ಮಗಳು ಚೈತ್ರ. ಊರಿನ ಪೈಪು ಅಲ್ಲಿಯವರೆಗೆ ಹೋಗಿರಲಿಲ್ಲ. ಕುಡಿಯಲು, ದನಕ್ಕೆ, ಗಿಡಕ್ಕೆ ಎಲ್ಲಕ್ಕೂ ಬಾವಿಯ ನೀರೇ. ನಾಲೆಯ ನೀರು ಕೆರೆಗೆ ಬರತೊಡಗಿದ ಮೇಲೆ ಆ ಬಾವಿ ಕೈಗೆ ಎಟುಕುವಷ್ಟು ತುಂಬಿತ್ತು. ನೀರಿನ ಕೆಲಸ ಮಾಡುವ ನಾನೇ ಎಷ್ಟೋ ಸಲ ಅಲ್ಲಿ ನಿಂತು ಎರಡು ಚೊಂಬು ಕುಡಿದು ಬಂದದ್ದುಂಟು.

ಮೂರನೆಯ ಸಭೆಯ ದಿನ ಬೆಳಿಗ್ಗೆ ಹೋದೆ. ಬಾಗಿಲಿಗೆ ಬೀಗ. ಪಕ್ಕದ ತೋಟದವನು, ಪಾರ್ವತಮ್ಮನ ತವರು ಹಂದನಕೆರೆಯಲ್ಲಿ ಯಾರದೋ ನಾಮಕರಣ, ನಾಳಿದ್ದು ಬರುತ್ತಾರೆ ಅಂದ. ಬೀಗ ಹಾಕಿತ್ತು, ನಾನೇನು ಮಾಡಲಿ — ಈ ಮಾತನ್ನು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ. ಆದರೆ ಆ ಬೀಗ ನೋಡಿದಾಗ ನನಗೆ ಆದದ್ದು ಸಮಾಧಾನ. ಇದನ್ನು ಹೇಳದಿದ್ದರೆ ಇಷ್ಟು ಬರೆದೂ ಪ್ರಯೋಜನವಿಲ್ಲ. ಪಾರ್ವತಮ್ಮ ಒಪ್ಪುವವಳಲ್ಲ ಎಂದು ನನಗೆ ಗೊತ್ತಿತ್ತು. ಬಾವಿಯ ಗತಿ ಏನು ಎಂದು ಅವಳು ಕೇಳುತ್ತಾಳೆ, ಆ ಪ್ರಶ್ನೆಗೆ ಯಾರ ಹತ್ತಿರವೂ ಉತ್ತರವಿಲ್ಲ, ಮಾತುಕತೆ ಮತ್ತೆ ಮೊದಲಿಗೆ ಬರುತ್ತದೆ — ಎಲ್ಲ ಗೊತ್ತಿತ್ತು. ಇನ್ನೊಂದು ಸಂಗತಿಯನ್ನೂ ಮುಚ್ಚಿಡುವುದಿಲ್ಲ. ಪಡುವಲ ದಿಣ್ಣೆಯ ಕೆಳಗೆ ಮೊದಲು ಹೊಗೆ ಕುಡಿಯುತ್ತಿದ್ದ ತೋಟ ನನ್ನದು. ಚಿಕ್ಕ ತೋಟ, ಹೊಂಬಾಳೆ ಒಡೆದರೂ ಹರಳು, ಅಂದರೆ ಎಳೆಯ ಮಿಡಿ, ನಿಲ್ಲದೆ ಉದುರುತ್ತಿತ್ತು. ಭಟ್ಟಿ ಅಲ್ಲಿಂದ ಎದ್ದರೆ ಸಾಕು ಎಂದು ನಾನೂ ಕಾಯುತ್ತಿದ್ದೆ. ಯಾರ ಕಡೆಯವನೂ ಅಲ್ಲ ಎಂದು ನನ್ನನ್ನು ಆರಿಸಿದವರಿಗೆ ಆ ಮಾತನ್ನು ನಾನು ಹೇಳಲಿಲ್ಲ.

ಮಧ್ಯಾಹ್ನ ಸಭೆ ಸೇರಿತು. ಜನ ಬೇಸತ್ತಿದ್ದರು. ಹಿಂದೆ ನಿಂತವರ ಕೈಯಲ್ಲಿ ಮಚ್ಚುಗಳಿದ್ದವು. ನಾನು ಒಂದೊಂದೇ ಮನೆಯ ಹೆಸರು ಓದಿ, ಅವರು ಹಾಕಿದ ಷರತ್ತು ಹೇಳುತ್ತ ಬಂದೆ. ಆ ಮನೆಗಳನ್ನೆಲ್ಲ ನಿಜವಾಗಿಯೂ ಕೇಳಿದ್ದೆ. ಕೊನೆಯ ಹೆಸರಿಗೆ ಬಂದಾಗ ಅಂಗಳವೆಲ್ಲ ನನ್ನ ಬಾಯನ್ನೇ ನೋಡುತ್ತಿತ್ತು. ಬೀಗ ಹಾಕಿದೆ, ಎರಡು ದಿನ ತಡೆಯಿರಿ — ಇಷ್ಟೇ ಹೇಳಬೇಕಿತ್ತು. ಎರಡು ದಿನ.

"ಮನೇಲಿ ಒಪ್ಪಿದ್ದಾರೆ ಮೇಡಂ" ಅಂದೆ.

ಅವರು ತಲೆ ಎತ್ತಿ ನೋಡಿದರು. "ನೀವೇ ಹೋಗಿ ಕೇಳಿದ್ರಾ ರಂಗಣ್ಣ?"

"ಹೂಂ ಮೇಡಂ. ನಾನೇ ಕೇಳ್ದೆ."

ಅವರು ಬರೆದುಕೊಂಡರು. ಚಪ್ಪಾಳೆ ಬಿತ್ತು. ಎರಡೂ ಕಡೆಯವರು ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿ ಟೀ ಕುಡಿದರು. ಬಸವರಾಜು ನನ್ನ ಕೈ ಹಿಡಿದು, ಊರು ಉಳಿಸಿದೆ ಕಣಪ್ಪ ಅಂದರು. ಸಿದ್ದಣ್ಣ ವಾಪಸು ಬಂದ ಮೇಲೆ ಹೇಗಾದರೂ ಮಾಡಿ ಒಪ್ಪಿಸಿದರಾಯಿತು, ಆಗ ಸುಳ್ಳು ಸುಳ್ಳಾಗಿ ಉಳಿಯುವುದಿಲ್ಲ ಎಂದುಕೊಂಡು ಮನೆಗೆ ಹೋದೆ.

ಅವರು ಬಂದರು. ನಾನು ಹೋಗಲಿಲ್ಲ. ನಾಳೆ ಹೋಗೋಣ, ನಾಳೆ ಹೋಗೋಣ ಅನ್ನುವಷ್ಟರಲ್ಲಿ ಹಳ್ಳದ ಪಕ್ಕ ಗುಂಡಿ ತೋಡುವ ಯಂತ್ರ ಬಂದು ನಿಂತಿತ್ತು.

ಸಿದ್ದಣ್ಣನೂ ಪಾರ್ವತಮ್ಮನೂ ಪಂಚಾಯ್ತಿಗೆ ಬಂದು ಕೇಳಿದರಂತೆ. ಅಲ್ಲಿದ್ದವರು ಪಟ್ಟಿ ತೆಗೆದು ತೋರಿಸಿ, ನಿಮ್ಮ ಮನೆಯಲ್ಲಿ ಒಪ್ಪಿದ್ದೀರಲ್ಲ, ರಂಗಣ್ಣನೇ ಕೇಳಿಕೊಂಡು ಬಂದ ಅಂದರಂತೆ. ಗಂಡ ಹೆಂಡತಿಯ ಮುಖ ನೋಡಿದನಂತೆ, ಹೆಂಡತಿ ಗಂಡನ ಮುಖ. ಇಬ್ಬರೂ ಮಾತಾಡದೆ ಮೆಟ್ಟಿಲಿಳಿದು ಹೋದರು ಎಂದು ಅಲ್ಲಿದ್ದವರು ನನಗೆ ನಗುತ್ತಾ ಹೇಳಿದರು. ನಾನು ಹೇಳಿದ್ದು 'ಮನೇಲಿ' ಎಂದು. ಯಾರು ಎಂದು ಹೇಳಿರಲಿಲ್ಲ. ತನ್ನನ್ನು ಯಾರೂ ಕೇಳಲಿಲ್ಲ ಎಂಬುದು ಸಿದ್ದಣ್ಣನಿಗೆ ಗೊತ್ತು. ಹಾಗಾದರೆ ಹೂಂ ಅಂದವಳು ಅವಳು. ಅವಳಿಗೂ ಹಾಗೇ, ಹೂಂ ಅಂದವನು ಗಂಡ. ನೀರುಗಂಟಿ ಸುಳ್ಳು ಹೇಳಿರಬಹುದು ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಒಂದು ವಾರದ ಮೇಲೆ ಸಿದ್ದಣ್ಣ ಟ್ಯಾಂಕಿನ ಹತ್ತಿರ ಬಂದ. ನನ್ನ ವಾರಿಗೆಯವನೇ, ಒಟ್ಟಿಗೆ ಓದಿದವನು.

"ಯಾರ್ನ ಕೇಳ್ದೆ ಕಣ್ಲಾ ನೀನು?" ಅಂದ.

"ಮನೇಲಿ ಕೇಳ್ದೆ ಬುಡಪ್ಪ. ಈಗ್ಯಾಕೆ ಅದು?"

"ಅವ್ಳು ಹೂಂ ಅಂದ್ಲಾ?"

ನಾನು ವಾಲ್ವ್ ತಿರುಗಿಸುತ್ತಾ ಇದ್ದೆ. ತಿರುಗಿಸುತ್ತಲೇ ಇದ್ದೆ. ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಅವನು ಸ್ವಲ್ಪ ನೋಡಿ, ಟವೆಲನ್ನು ಹೆಗಲಿಗೆ ಹಾಕಿಕೊಂಡು ಹೋದ. ಸಭೆಯಲ್ಲಿ ಹೇಳಿದ ಸುಳ್ಳಿಗೆ ಅವಸರ, ಭಯ, ಜನ ಎಂದೆಲ್ಲ ಹೆಸರು ಕೊಡಬಹುದೇನೋ. ಈ ಸುಮ್ಮನಿದ್ದುದಕ್ಕೆ ನನ್ನ ಬಳಿ ಯಾವ ಹೆಸರೂ ಇಲ್ಲ. ಏನು ಮಾಡುತ್ತಿದ್ದೇನೆ ಎಂದು ತಿಳಿದೇ ಮಾಡಿದೆ. ಮುಂದೆ ಪಾರ್ವತಮ್ಮ ದಾರಿಯಲ್ಲಿ ನಿಲ್ಲಿಸಿ, ನಮ್ಮ ಯಜಮಾನರು ತಾನೇ ಒಪ್ಪಿಕೊಂಡಿದ್ದು ಎಂದು ಕೇಳಿದಾಗಲೂ, ಹಳೇ ಮಾತು ಬುಡಕ್ಕ ಎಂದು ಜಾರಿಕೊಂಡೆ.

ಭಟ್ಟಿ ಶುರುವಾಯಿತು. ಮೊದಲ ವರ್ಷ ಷರತ್ತಿನಂತೆಯೇ ನಡೆಯಿತು. ಆಮೇಲೆ ಆ ಅಧಿಕಾರಿಗೆ ವರ್ಗವಾಯಿತು. ಬಂದು ನೋಡುವವರಿಲ್ಲ. ಸಿಮೆಂಟು ಬಿರುಕು ಬಿಟ್ಟಿತು. ಇದ್ದಿಲು ಆರಿಸಿದ ನೀರು ಕಪ್ಪಗೆ, ಎಣ್ಣೆಯಂತೆ, ಎಲ್ಲಿ ಇಂಗುತ್ತಿದೆ ಎಂದು ಯಾರೂ ಕೇಳಲಿಲ್ಲ. ಊರ ಕಡೆ ಗಾಳಿ ಚೊಕ್ಕಟವಾಗಿತ್ತು. ನನ್ನ ತೋಟದಲ್ಲಿ ಹರಳು ನಿಂತು ಕಾಯಿ ಕಟ್ಟಿತು. ಸುಡುತ್ತಿದ್ದದ್ದು ನಮ್ಮೆಲ್ಲರ ಮನೆಯ ಚಿಪ್ಪನ್ನೇ.

ಬಾವಿಯ ವಿಷಯ ಮೊದಲು ತಿಳಿದದ್ದು ಅವರ ಎಮ್ಮೆಗೆ. ಒಂದು ದಿನ ನೀರಿನ ಬಾನಿಗೆ ಮೂತಿ ಇಟ್ಟು, ಮುಸುಡಿ ಕೊಡವಿ ಹಿಂದೆ ಸರಿಯಿತಂತೆ. ಹೊಡೆದರೂ ಕುಡಿಯಲಿಲ್ಲ. ಚೈತ್ರ ನನ್ನನ್ನು ಕರೆದು ತೋರಿಸಿದಳು. ನೀರಿನ ಮೇಲೆ ತೆಳ್ಳಗೆ ಬಣ್ಣಬಣ್ಣದ ಪೊರೆ. ಬೊಗಸೆಯಲ್ಲಿ ಹಿಡಿದರೆ ಸುಟ್ಟ ವಾಸನೆ. ಮಳೆ ನಿಂತ ಮೇಲೆ ತಿಳಿಯಾಗುತ್ತದೆ ಅಂದೆ. ಆ ಹುಡುಗಿ ನನ್ನ ಮಾತು ನಂಬಿದಳು. ತಿಳಿಯಾಗಲಿಲ್ಲ. ಎರಡನೆಯ ಮಳೆಗಾಲ ಮುಗಿಯುವಷ್ಟರಲ್ಲಿ ಆ ನೀರಿನಲ್ಲಿ ಬೇಯಿಸಿದ ಅನ್ನವೂ ವಾಸನೆ ಬರುತ್ತಿತ್ತು. ಬಾವಿಯ ಸುತ್ತಲಿನ ಮರಗಳ ಸೋಗೆ ಒಂದೊಂದಾಗಿ ಜೋತುಬಿದ್ದವು. ನಾನು ಓಡಾಡಿ, ಪಂಚಾಯ್ತಿಯವರ ಕಾಲು ಹಿಡಿದು, ಊರಿನ ಪೈಪನ್ನು ಅವರ ಮನೆವರೆಗೆ ಎಳೆಸಿದೆ. ಜನ ನನ್ನನ್ನು ಹೊಗಳಿದರು. ಪಾರ್ವತಮ್ಮ ಮಜ್ಜಿಗೆ ಕೊಟ್ಟಳು. ಕುಡಿದೆ. ಅದನ್ನು ಹೇಗೆ ಕುಡಿದೆನೋ.

ನೀರು ಬಿಡಲು ಆ ಮನೆಗೆ ದಿನಾ ಹೋಗುವಂತಾದ ಮೇಲೆ ಒಳಗಿನದ್ದೆಲ್ಲ ಕಂಡಿತು. ಗಂಡ ಹೆಂಡತಿ ಮಾತಾಡುತ್ತಿರಲಿಲ್ಲ. ಜಗಳವಾಡಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಅವಳು ತಟ್ಟೆ ಇಟ್ಟು ಹಿತ್ತಲಿಗೆ ಹೋಗುವಳು, ಅವನು ಬಂದು ಉಂಡು ಏಳುವನು. ಹೇಳಬೇಕಾದದ್ದನ್ನೆಲ್ಲ ಚೈತ್ರಳ ಮೂಲಕ ಹೇಳಿಸುವರು. ಅವಳು ಮದುವೆಯಾಗಿ ಚಿಕ್ಕನಾಯಕನಹಳ್ಳಿಗೆ ಹೋದ ಮೇಲೆ ಅದೂ ನಿಂತಿತು. ಒಂದು ಮರ ಬಿದ್ದಾಗಲೆಲ್ಲ ಇಬ್ಬರೂ ಬೇರೆಬೇರೆ ಕಡೆಯಿಂದ ಬಂದು ಅದನ್ನು ನೋಡಿ, ಬೇರೆಬೇರೆ ಕಡೆಗೆ ಹೋಗುವರು.

ಈ ನಡುವೆ ನಮ್ಮೂರಿನ ರಾಜಿಯ ವಿಷಯ ಹೊರಗೆಲ್ಲ ಹಬ್ಬಿತು. ಕಲ್ಲು ಕ್ವಾರಿಯ ಗಲಾಟೆ ಇರುವ ಊರಿನವರು, ಕೆರೆ ಮಣ್ಣಿನ ಜಗಳ ಇರುವವರು ಬಂದು ನನ್ನನ್ನು ಕರೆದೊಯ್ದರು. ತುರುವೇಕೆರೆಯಲ್ಲಿ ಒಂದು ಸಲ ವೇದಿಕೆ ಹತ್ತಿಸಿದರು. ಅವಸರ ಮಾಡಬೇಡಿ, ಕೊನೆಯ ಮನೆಯವರೆಗೂ ಹೋಗಿ ಕೇಳಬೇಕು ಎಂದು ನಾನು ಮೈಕಿನಲ್ಲಿ ಹೇಳಿದೆ. ಹೇಳುವಾಗ ನನ್ನ ದನಿ ನಡುಗಲಿಲ್ಲ. ಇದನ್ನು ನೆನೆದರೆ ಈಗ ನನಗೆ ನನ್ನ ಮೇಲೇ ಭಯವಾಗುತ್ತದೆ.

ನಾಲ್ಕನೆಯ ವರ್ಷ ಸಿದ್ದಣ್ಣನಿಗೆ ಎದೆ ಹಿಡಿದುಕೊಂಡಿತು. ತುರುವೇಕೆರೆಗೆ, ಆಮೇಲೆ ತುಮಕೂರಿಗೆ ಕರೆದುಕೊಂಡು ಹೋದರು. ಬೀಡಿ ಸೇದುತ್ತಿದ್ದಿರಾ ಎಂದು ಡಾಕ್ಟರು ಕೇಳಿದರಂತೆ. ಅವನು ಬೀಡಿ ಮುಟ್ಟಿದವನಲ್ಲ. ಹೊಗೆಯಿಂದಲೇ ಆಯಿತು ಎಂದು ಯಾರೂ ಹೇಳಲಿಲ್ಲ, ನಾನೂ ಹೇಳಲಾರೆ. ಅವನು ಹಾಸಿಗೆ ಹಿಡಿದಾಗ ನೋಡಲು ಹೋಗಿದ್ದೆ. ಈಗ ಹೇಳಿಬಿಡುತ್ತೇನೆ ಎಂದುಕೊಂಡೇ ಹೋಗಿದ್ದೆ. ಪಾರ್ವತಮ್ಮ ಬಾಗಿಲಲ್ಲಿ ನಿಂತಿದ್ದಳು. ಅವನು ನನ್ನನ್ನು ನೋಡಿ, ಪೈಪಿನಲ್ಲಿ ನೀರು ಸಣ್ಣಗೆ ಬರ್ತಿದೆ, ಒಸಿ ನೋಡು ಅಂದ. ನೋಡ್ತೀನಿ ಎಂದು ಎದ್ದು ಬಂದೆ. ಹತ್ತು ದಿನಕ್ಕೆ ಹೋಗಿಬಿಟ್ಟ.

ಹೋದ ತಿಂಗಳು ಪಂಚಾಯ್ತಿಯಿಂದ ಕರೆ ಬಂತು. ಭಟ್ಟಿಯನ್ನು ದೊಡ್ಡದು ಮಾಡುತ್ತಾರಂತೆ, ಗುಂಡಿಯ ಬದಲು ಕುಲುಮೆ, ಎತ್ತರದ ಚಿಮಣಿ. ಹೊಸ ಅಧಿಕಾರಿ ಮತ್ತೆ ಜನರ ಅಭಿಪ್ರಾಯ ಕೇಳಬೇಕು ಅಂದಿದ್ದಾರೆ. ಪಟ್ಟಿ ಸಿದ್ಧವಾಗಿತ್ತು. ಹೋದ ಸಲ ಚೆನ್ನಾಗಿ ಮಾಡಿದ್ದೀಯ, ಈ ಸಲವೂ ನೀನೇ ಹೋಗಪ್ಪ ಎಂದು ಕೈಗೆ ಕೊಟ್ಟರು. ಸಿದ್ದಣ್ಣನ ಹೆಸರಿನ ಮೇಲೆ ಗೀಟು ಎಳೆದು ಪಕ್ಕದಲ್ಲಿ ಪಾರ್ವತಮ್ಮ ಎಂದು ಬರೆದಿದ್ದರು.

ಈ ಸಲ ಮೊದಲು ಆ ಮನೆಗೇ ಹೋದೆ. ಅವಳು ಜಗಲಿಯಲ್ಲಿ ಕೂತು ಚಿಪ್ಪು ಒಡೆಯುತ್ತಿದ್ದಳು. ಕೊಬ್ಬರಿಯ ಗುಡ್ಡೆ ಚಿಕ್ಕದಿತ್ತು. ಕೈಯಲ್ಲಿದ್ದ ಕಾಗದ ನೋಡಿಯೇ ಅವಳಿಗೆ ತಿಳಿಯಿತು.

"ಈಗ ಅವ್ರಿಲ್ಲ ರಂಗಣ್ಣ. ನನ್ನೇ ಕೇಳ್ಬೇಕು ನೀನು" ಅಂದಳು.

ನಿಂತೇ ಹೇಳಿದೆ. ಬೀಗ, ಸಭೆ, ನನ್ನ ತೋಟ, ಟ್ಯಾಂಕಿನ ಹತ್ತಿರ ಸಿದ್ದಣ್ಣ ಬಂದದ್ದು. ಒಂದನ್ನೂ ಬಿಡಲಿಲ್ಲ. ಅವಳು ಅಳಲಿಲ್ಲ, ಬೈಯಲಿಲ್ಲ. ಕೈಯಲ್ಲಿದ್ದ ಕೊಬ್ಬರಿಯನ್ನು ಸುಮ್ಮನೆ ತಿರುಗಿಸುತ್ತಿದ್ದಳು.

"ನಾನು ಹೂಂ ಅಂದ್ನಾ ಅಂತ ಕೇಳಿದ್ರಾ ಅವ್ರು?"

"ಕೇಳ್ದ ಅಕ್ಕ."

"ನೀನೇನಂದೆ?"

"ಏನೂ ಅನ್ನಲಿಲ್ಲ."

ಅವಳು ಕೊಬ್ಬರಿಯನ್ನು ಗುಡ್ಡೆಗೆ ಹಾಕಿದಳು. "ನನ್ನ ಕೈ ಮೇಲೆ ಆಣೆ ಇಟ್ಟು ಹೇಳಿದ್ರು, ನಾನು ಒಪ್ಪಿಲ್ಲ ಕಣೇ ಅಂತ. ನಾನು ನಂಬ್ಲಿಲ್ಲ. ಸಾಯೋವರ್ಗೂ ಅವ್ರನ್ನ ಉಣ್ಣೋಕೆ ಬಾ ಅಂತ ಬಾಯ್ಬಿಟ್ಟು ಕರೀಲಿಲ್ಲ ನಾನು."

ಕಾಲಿಗೆ ಬೀಳಲು ಬಗ್ಗಿದೆ. ಬೇಡ ಎಂದು ಕಾಲನ್ನು ಸೀರೆಯೊಳಕ್ಕೆ ಎಳೆದುಕೊಂಡಳು. ಇದನ್ನು ಸಭೆಯಲ್ಲಿ ಹೇಳುತ್ತೀಯಾ ಎಂದು ಕೇಳಿದಳು. ಹೇಳುತ್ತೇನೆ ಅಂದೆ.

"ಹೇಳು. ನನ್ನ ಮಾತು ಮಾತ್ರ ನೀನು ತಗಂಡ್ ಹೋಗ್ಬೇಡ. ನಾನೇ ಬತ್ತೀನಿ."

ಸಭೆಗೆ ಮುಂಚಿನ ದಿನ ಇಬ್ಬರು ಮನೆಗೆ ಬಂದು, ಹಳೆಯದನ್ನು ಕೆದಕಬೇಡ, ನಿನಗೂ ತೋಟ ಇದೆ, ಅದರಲ್ಲೂ ಫಲದ ಮರಗಳಿವೆ ಎಂದು ಮೆಲ್ಲಗೆ ಹೇಳಿ ಹೋದರು. ವಿಷಯ ಅವರಿಗೆ ಹೇಗೆ ಗೊತ್ತಾಯಿತೋ. ಆದರೂ ಅದೇ ಶಾಲೆಯ ಅಂಗಳದಲ್ಲಿ ಎದ್ದು ನಿಂತು ಹೇಳಿದೆ. ಚಪ್ಪಾಳೆಯಿಲ್ಲ, ಗದ್ದಲವೂ ಇಲ್ಲ. ಊರಿನವರೆಲ್ಲ ನೆಲ ನೋಡಿದರು. ಆರು ವರ್ಷ ಚೊಕ್ಕಟ ಗಾಳಿ ಕುಡಿದವರಿಗೆ ನನ್ನ ಮಾತು ಬೇಡವಾಗಿತ್ತು. ಪಾರ್ವತಮ್ಮ ಎದ್ದಳು. ಆವತ್ತು ತವರಿನಲ್ಲಿದ್ದೆ, ಇವತ್ತು ತೋಟದಿಂದಲೇ ಬಂದಿದ್ದೇನೆ, ನನ್ನನ್ನು ಯಾರೂ ಕೇಳಿರಲಿಲ್ಲ, ಈಗ ಕೇಳುತ್ತಿದ್ದೀರಿ, ನಾನು ಒಪ್ಪುವುದಿಲ್ಲ ಅಂದಳು. ಒಂದು ಸೀಸೆಯಲ್ಲಿ ಬಾವಿಯ ನೀರು ತಂದಿದ್ದಳು. ಅಧಿಕಾರಿ ಅದನ್ನು ತೆಗೆದುಕೊಂಡು, ಹಳೆಯ ನಡಾವಳಿಯನ್ನೂ ಮತ್ತೆ ನೋಡಬೇಕಾಗುತ್ತದೆ ಎಂದು ಸಭೆಯನ್ನು ಮುಂದೂಡಿದರು.

ಈಗ ಹೋಟೆಲಿನಲ್ಲಿ ನಾನು ಕೂತ ಬೆಂಚಿನಿಂದ ಜನ ಎದ್ದುಹೋಗುತ್ತಾರೆ. ಬಸವರಾಜು ಮಾತು ಬಿಟ್ಟಿದ್ದಾರೆ. ತೀರ್ಮಾನವೇ ಆಗಿಲ್ಲ, ಆದರೂ ನಿನ್ನೆ ಎರಡು ಲಾರಿ ಬಂದು ಹಳ್ಳದ ಪಕ್ಕ ಕಬ್ಬಿಣ ಇಳಿಸಿ ಹೋಗಿವೆ. ಏನಾಗುತ್ತದೋ ಗೊತ್ತಿಲ್ಲ. ಮುಂದಿನ ಸಭೆಯಲ್ಲಿ, ಅದರ ಮುಂದಿನ ಸಭೆಯಲ್ಲಿ, ಕೇಳಿದವರಿಗೂ ಕೇಳದವರಿಗೂ ಇದನ್ನೇ ಹೇಳುತ್ತೇನೆ. ಪಾರ್ವತಮ್ಮನ ಹತ್ತಿರ ಕ್ಷಮೆ ಕೇಳಿಲ್ಲ. ಕೇಳಿ ಅವಳ ತಲೆಯ ಮೇಲೆ ಇನ್ನೊಂದು ಭಾರ ಹಾಕಲಾರೆ.

ಊರಿಗೆಲ್ಲ ಹೇಳಿದ್ದಾಯಿತು. ಹೇಳಬೇಕಾದ ಒಬ್ಬ ಮಾತ್ರ, ಹೆಂಡತಿಯೇ ತನ್ನ ಬಾವಿಯನ್ನು ಬಿಟ್ಟುಕೊಟ್ಟಳು ಎಂದು ನಂಬಿಕೊಂಡೇ ಹೋಗಿಬಿಟ್ಟ.